ಕಣ್ಣು ಮೇಷ್ಟ್ರು ಕೂತ ಹಿಂದಿನ ಸೀಟು

ಅವನು ಹೋಗುವ ಹಿಂದಿನ ಸಂಜೆಯೂ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡೇ ಮನೆಗೆ ಬಂದ.

"ಲೋಕದವರ ಕಣ್ಣೆಲ್ಲ ಕಾಯ್ತೀರಿ, ನಿಮ್ಮ ಗುಂಡಿ ನಿಮಗೆ ಕಾಣಲ್ಲ," ಎಂದಳು ಹೆಂಡತಿ.

ಅವನ ಕೆಲಸವೇ ಅದು. ವಿಮಾನಕ್ಕೊಂದು ಹೊಸ ಪರದೆ ಬರುವುದಿತ್ತು. ಮೋಡ ಕವಿದರೂ ಗುಡ್ಡ, ಹೊಳೆ, ರನ್‌ವೇ ಎಲ್ಲವನ್ನೂ ಬಣ್ಣದಲ್ಲಿ ಬರೆದು ತೋರಿಸುವ ಪರದೆ. ತರಬೇತಿ ಕೋಣೆಯ ನಕಲಿ ವಿಮಾನವನ್ನು ಪೈಲಟ್‌ಗಳು ಆ ಪರದೆ ನೋಡಿಕೊಂಡು ಹಾರಿಸುವಾಗ, ಅವರ ಕಣ್ಣು ಎಷ್ಟು ಸಲ ಕಿಟಕಿಯ ಕಡೆ ಹೋಯಿತೆಂದು ಇವನು ಗೀಟು ಹಾಕಬೇಕು. ಎಲ್ಲರಿಗೂ ಅವನು ಕಣ್ಣು ಮೇಷ್ಟ್ರು.

ತಟ್ಟೆಯ ಮುಂದೆ ಕೂತು, ಅನ್ನ ಕಲಸುತ್ತ ಹೇಳಿದ.

"ಇವತ್ತು ಆ ಕೋಣೇಲಿ, ಕಿಟಕಿ ಆಚೆ ಒಂದು ಕಂಬ ಕಾಣೋ ಹಾಗೆ ಮಾಡ್ದೆ, ಪರದೇಲಿ ತೋರಿಸ್ಲಿಲ್ಲ. ಎಂಟು ಜನ ಬಂದ್ರು. ಆರು ಜನ ನೇರ ಹೋಗಿ ಗುದ್ದಿದ್ರು. ಚಿತ್ರ ಅಷ್ಟು ಚೆನ್ನಾಗಿದೆ ಕಣೆ, ಕಣ್ಣು ಅಲ್ಲೇ ಅಂಟ್ಕೊಳ್ಳತ್ತೆ."

"ಆಟದ ಕಂಬ ತಾನೆ."

"ಗುಡ್ಡದ ಮೇಲೆ ನಿಜವಾದ್ದೇ ಒಂದು ಎದ್ದಿದೆ. ಪರದೆಗೆ ಅದಿನ್ನೂ ಗೊತ್ತಿಲ್ಲ. ನಾಳೆ ನಿಜವಾದ ವಿಮಾನ ಆ ದಾರೀಲೇ ಹೋಗೋದು. ಸಾಹೇಬ್ರಿಗೆ ಹೇಳ್ದೆ. ಪೈಲಟ್‌ಗೆ ತಿಳಿಸಿದೀವಿ ಬಿಡಿ ಅಂದ್ರು."

ಅವಳು ಸೌಟು ಕೆಳಗಿಟ್ಟಳು. "ನೀವು ಹೋಗ್ಬೇಡಿ."

"ನಾನು ಹಿಂದೆ ಕೂರ್ದಿದ್ರೆ, ಹೊರಗೆ ನೋಡಪ್ಪ ಅನ್ನೋರು ಯಾರು?"

ಒಳಗಿನಿಂದ ಅತ್ತೆ ಹೇಳಿದರು: "ಮದುವೇಲಿ ಹೆಂಡ್ತಿ ಮುಖ ನೋಡೋಕೆ ಹೆದರ್ದೋನು, ಈಗ ಪೈಲಟ್‌ಗೆ ನೋಡೋದು ಕಲಿಸ್ತಾನಂತೆ."

ಮೂವರೂ ನಕ್ಕರು.

ಬೆಳಿಗ್ಗೆ ಅವನು ಹೊರಟಾಗ ಮೋಡ ಮಾಳಿಗೆಗೆ ತಾಗುವಷ್ಟು ಇಳಿದಿತ್ತು. ಅವಳು ಬಟ್ಟೆ ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ನೀರಿಗೆ ಹಾಕಿದಳು. ಮಧ್ಯಾಹ್ನ ಬಾಗಿಲು ಬಡಿದರು. ಅವಳು ಏಳಲಿಲ್ಲ. ಅತ್ತೆಯೇ ಹೋಗಿ ತೆಗೆದರು.

ಪೈಲಟ್, ಮೇಷ್ಟ್ರು ಇಬ್ಬರೂ ಉಳಿಯಲಿಲ್ಲ ಎಂದರು ಸಾಹೇಬರು.

ವಿಮಾನದೊಳಗಿನ ಮಾತಿನ ರೆಕಾರ್ಡು ಆಮೇಲೆ ಸಿಕ್ಕಿತು. ಮೋಡ ಹರಿದು ಕಂಬ ಕಂಡ ಕೂಡಲೇ ಅವನು ಮೂರು ಸಲ "ಹೊರಗೆ ನೋಡಿ" ಎಂದಿದ್ದಾನೆ. "ಪರದೇಲಿ ಏನೂ ಇಲ್ವಲ್ಲ ಮೇಷ್ಟ್ರೇ," ಎಂದಿದ್ದಾನೆ ಪೈಲಟ್. ಅಷ್ಟೇ ಇರುವುದು.

ಆರು ತಿಂಗಳ ಮೇಲೆ ಅವಳಿಗೆ ವಿಮಾನ ನಿಲ್ಲಿಸುವ ಶೆಡ್ಡಿನಲ್ಲಿ ಕೆಲಸ ಕೊಟ್ಟರು. ಮೊದಲ ದಿನ ವಿಮಾನದ ಮೂತಿ ಕಂಡು ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಈಗಲೂ ಒಂದು ಗಳಿಗೆ ನಿಲ್ಲುತ್ತಾಳೆ. ಆದರೂ ದಿನಾ ಬೆಳಿಗ್ಗೆ, ಪೈಲಟ್‌ಗಳು ಬರುವ ಮುಂಚೆ, ಏಣಿ ಹತ್ತಿ ಮುಂದಿನ ಗಾಜು ಒರೆಸುತ್ತಾಳೆ. ಹೊರಗಿನಿಂದ ಒಂದು ಸಲ, ಒಳಗಿನಿಂದ ಒಂದು ಸಲ. ಬೆರಳಿನ ಗುರುತೂ ಉಳಿಯದ ಹಾಗೆ.