ಒಂಬತ್ತು ದಿನ ಹಿಂದೆ ಬಿದ್ದ ತಾರೀಖು

ಗಡಿಯಾಚೆ ತೆಲುಗು ನಾಡಿನ ನ್ಯಾಲ್ಕಲ್ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಉಮಾಬಾಯಿ ಹದಿನೆಂಟು ವರ್ಷದಿಂದ ಆಯಾ. ಓದು ಅಷ್ಟಕ್ಕಷ್ಟೆ, ಕೂಡಿಸಿ ಕೂಡಿಸಿ ತನ್ನ ಹೆಸರು ಬರೆದಾಳು. ಅಂಕಿ ಮಾತ್ರ ಒಂದೂ ತಪ್ಪುವುದಿಲ್ಲ. ದಿನಾ ಬೆಳಗ್ಗೆ ಗೋಡೆಯ ಕ್ಯಾಲೆಂಡರ್ ನೋಡಿ ನಾಲ್ಕೂ ಬೋರ್ಡಿನ ಮೂಲೆಗೆ ತಾರೀಖು ಬರೆದ ಮೇಲೆಯೇ ಅವಳು ಕಸಬರಿಗೆ ಹಿಡಿಯುವುದು.

ಆಫೀಸಿನ ಕಂಪ್ಯೂಟರ್ ಚಾಲೂ ಮಾಡುವುದೂ ಅವಳ ಕೆಲಸವೇ. ಅದರೊಳಗೆ ಎರಡು ಡಿಸ್ಕು. ಒಂದರಲ್ಲಿ ವಿಂಡೋಸ್, ಮೇಲಿನವರಿಗೆ ಕಳಿಸುವ ತೆಲುಗು ಕಾಗದಪತ್ರ. ಇನ್ನೊಂದರಲ್ಲಿ ವಿಂಡೋಸಿನ ಬದಲು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ, ಕಲ್ಯಾಣಪ್ಪ ಮಾಸ್ತರರ ಕಥೆಗಳು. ಸುತ್ತಲಿನ ಮುದುಕಿಯರು, ಕುರಿ ಕಾಯುವವರು ಹೇಳಿದ್ದನ್ನು ಮಕ್ಕಳಿಗೆ ಪುಸ್ತಕ ಮಾಡಬೇಕೆಂದು ಮಾಸ್ತರರು ಆರು ವರ್ಷ ಕೂತು ಟೈಪ್ ಮಾಡಿದ್ದರು. ಒಟ್ಟು ಇನ್ನೂರಾ ಹನ್ನೆರಡು. ಹನ್ನೊಂದು ಉಮಾಬಾಯಿಯವು, ಮೂವತ್ತು ಅವಳ ಗೆಳತಿ ಮಾಣಿಕಮ್ಮನವು. ಮಾಣಿಕಮ್ಮ ಹೋದ ವರ್ಷ ತೀರಿಕೊಂಡಳು. ಕಥೆಗಳೆಲ್ಲ ಮುಗಿದ ಮೇಲೆ ಒಟ್ಟಿಗೆ ಬೇರೆ ಕಡೆ ಒಂದು ಪ್ರತಿ ತೆಗೆದಿಟ್ಟರಾಯಿತು ಎಂದು ಮಾಸ್ತರರು ಸುಮ್ಮನಿದ್ದರು.

ಸ್ವಿಚ್ ಒತ್ತಿದರೆ ಕಪ್ಪು ಪರದೆಯ ಮೇಲೆ ಯಾವುದನ್ನು ತೆರೆಯಲಿ ಎಂದು ಕೇಳುವ ಸಾಲುಗಳು ಬರುತ್ತಿದ್ದವು. ಮೊದಲ ಸಾಲು ಕಥೆಗೆ, ಕೊನೆಯದು ತೆಲುಗಿಗೆ. ಸಂಜೆ ಯಂತ್ರ ಆರಿಸಿ ಗೋಡೆಯ ಸ್ವಿಚ್ಚನ್ನೂ ಆರಿಸದೆ ಅವಳು ಬೀಗ ಹಾಕುತ್ತಿರಲಿಲ್ಲ.

ಶ್ರಾವಣದಲ್ಲಿ ಒಂದು ಬೆಳಗ್ಗೆ ಪರದೆಯ ಮೂಲೆಯ ತಾರೀಖು ಒಂದು ದಿನ ಹಿಂದಿತ್ತು. ಕ್ಯಾಲೆಂಡರನ್ನು ಎರಡು ಸಲ ನೋಡಿ ಬಂದಳು. ಮರುದಿನ ಇನ್ನೂ ಹಿಂದೆ. ಓದಿದವರು ದಿನಾ ಅದರ ಮುಂದೆಯೇ ಕೂರುತ್ತಾರೆ, ಅವರಿಗೆ ಕಾಣದೇ ಇರುತ್ತದೆಯೇ ಎಂದುಕೊಂಡಳು. ಒಮ್ಮೆ ಹೇಳಲೆಂದೇ ಚಹಾ ಹಿಡಿದು ಹೋದಳು. ಮಾಸ್ತರರು ತಲೆ ಎತ್ತಲಿಲ್ಲ. ಗ್ಲಾಸಿಟ್ಟು ಬಂದುಬಿಟ್ಟಳು. ಹೀಗೆ ಒಂಬತ್ತು ದಿನ.

ಮುಂದಿನ ಸೋಮವಾರ ಆ ಸಾಲುಗಳೇ ಬರಲಿಲ್ಲ, ನೇರ ತೆಲುಗಿನದೇ ತೆರೆಯಿತು. ಮಾಸ್ತರರು ತರಬೇತಿಗೆಂದು ನಾರಾಯಣಖೇಡಕ್ಕೆ ಹೋಗಿದ್ದರು. ಹೆಡ್ ಮೇಡಂ ಜಹೀರಾಬಾದಿನಿಂದ ರಿಪೇರಿಯ ಅಂಬರೀಶನನ್ನು ಕರೆಸಿದರು. ಅವನು ಎರಡನೇ ಡಿಸ್ಕು ತೆರೆಯಹೋದರೆ ಯಂತ್ರ ತನಗೆ ಇದನ್ನು ಓದಲು ಬರುವುದಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಇದು ಹಾಳಾಗಿದೆ, ಒಳಗೇನೂ ಇಲ್ಲ, ಅಳಿಸಿದರೆ ಪಾಠದ ವೀಡಿಯೋಗಳಿಗೆ ಜಾಗವಾಗುತ್ತದೆ ಎಂದ ಅಂಬರೀಶ. ಮೇಡಂ ಹೂಂ ಅಂದರು.

ಬಾಗಿಲಲ್ಲಿ ನಿಂತಿದ್ದ ಉಮಾಬಾಯಿ, "ಮಾಸ್ತರ್ ಬರೋತನಕ ತಡೀರಿ," ಅಂದಳು.

"ಯಾಕವ್ವ, ನಿನಗ ಕಂಪ್ಯೂಟರ್ ಬರ್ತದೇನು?" ಅಂದ ಅಂಬರೀಶ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಂಬರೀಶ ಡಿಸ್ಕು ಅಳಿಸಿ, ವೀಡಿಯೋ ತುಂಬಿ, ತಾರೀಖು ಸರಿಮಾಡಿ ಹೋದ.

ಎರಡು ದಿನ ಕಳೆದು ಬಂದ ಮಾಸ್ತರರು ಸುದ್ದಿ ಕೇಳಿದವರೇ ಡಿಸ್ಕು ತೆರೆದು ನೋಡಿದರು, ಬರೀ ವೀಡಿಯೋಗಳಿದ್ದವು. ಆಮೇಲೆ ಯಾರೋ ಹೇಳಿದರೆಂದು ಯಂತ್ರವನ್ನು ತಾಂಡೂರಿನ ದೇವಿದಾಸನ ಅಂಗಡಿಗೆ ಒಯ್ದರು. ಜೀಪಿನಲ್ಲಿ ಉಮಾಬಾಯಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು. ದೇವಿದಾಸ ಎರಡು ತಾಸು ನೋಡಿ, ಮೇಲೆ ವೀಡಿಯೋ ತುಂಬಿದ್ದರಿಂದ ಕಥೆಗಳು ಮರಳಿ ಸಿಗುವುದಿಲ್ಲ ಎಂದ. ಮತ್ತೆ ಒಳಗಿಂದ ರೂಪಾಯಿ ಬಿಲ್ಲೆಯಷ್ಟಗಲದ ಒಂದು ಸೆಲ್ ಕಿತ್ತು ತೋರಿಸಿದ.

"ಇದು ಸತ್ತದರಿ. ಗೋಡಿ ಸ್ವಿಚ್ ಆರಿಸಿದ್ರ ಯಾವ ಡಿಸ್ಕ್ ಮೊದಲ ಅನ್ನೋದನ್ನ ಯಂತ್ರ ಮರೀತದ. ಡಿಸ್ಕ್ ಹಾಳಾಗಿದ್ದಿಲ್ಲ, ಲಿನಕ್ಸಿನ ಡಿಸ್ಕ್ ವಿಂಡೋಸಿಗೆ ಓದಾಕ ಬರಂಗಿಲ್ಲ, ಅಷ್ಟ. ಸೆಲ್ ಹಾಕಿ, ಆ ಡಿಸ್ಕ್ ಮೊದಲ ಮಾಡಿದ್ರ ಸಾಕಿತ್ತು. ಇದು ಸಾಯೋಕಿಂತ ಮುಂಚೆ ತಾರೀಖು ಹಿಂದ ಬೀಳ್ತದ. ಯಾರೂ ನೋಡಿಲ್ಲೇನು?"

ಯಾರೂ ನೋಡಿಲ್ಲ ಅಂದರು ಮಾಸ್ತರರು.

"ನಾ ನೋಡೀನ್ರಿ," ಅಂದಳು ಉಮಾಬಾಯಿ. "ಒಂಬತ್ತು ದಿನ."

ಮಾಸ್ತರರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಒಂದ್ ಮಾತು ಹೇಳಬಾರದಾಗಿತ್ತೇನು, ಬಾಯಿ?" ಅಂದರು, ಅಷ್ಟೆ.

ಈಗ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಹೇಳುತ್ತಾಳೆ, ಮಾಸ್ತರರು ಟೈಪ್ ಮಾಡುತ್ತಾರೆ. ತನ್ನ ಹನ್ನೊಂದನ್ನೂ ಹೇಳಿ ಮುಗಿಸಿದಳು. ಮಾಣಿಕಮ್ಮನವು ಒಂಬತ್ತು ಪೂರ್ತಿ ನೆನಪಾದವು. ಹತ್ತನೆಯದರಲ್ಲಿ ಕುರಿ ಕಳೆದುಕೊಂಡ ಹುಡುಗಿ ಪಾಳುಬಾವಿಯ ಹತ್ತಿರ ಬರುತ್ತಾಳೆ, ಬಗ್ಗಿ ಕರೆಯುತ್ತಾಳೆ, ಒಳಗಿಂದ ಯಾರೋ ಓಗೊಡುತ್ತಾರೆ. ಅಲ್ಲಿ ಮಾಣಿಕಮ್ಮ ದನಿ ಇಳಿಸುತ್ತಿದ್ದಳು, ಕೈಯನ್ನು ಹೀಗೆ ತಿರುಗಿಸುತ್ತಿದ್ದಳು. ಉಮಾಬಾಯಿಯೂ ದನಿ ಇಳಿಸಿದಳು, ಕೈ ತಿರುಗಿಸಿದಳು.

"ಮುಂದ?" ಅಂದರು ಮಾಸ್ತರರು.

ಅವಳ ಕೈ ಹಾಗೇ ನಿಂತಿತು. ಕಣ್ಣು ಮುಚ್ಚಿ ನೋಡಿದಳು. ಮಾಣಿಕಮ್ಮನ ಬಳೆ ಕಂಡವು, ಮಾತು ಬರಲಿಲ್ಲ.

"ಅಲ್ಲಿತನಕ ಬರೀರಿ, ಸರ್," ಅಂದಳು.