ಕಾಲಿಡಬಾರದ ಸ್ವಿಚ್ಚು

ಈ ಪ್ರಸಂಗ ನಡೆದದ್ದು ಹೀಗೆಯೇ ಎಂದು ನಾನು ಪ್ರಮಾಣ ಮಾಡಲಾರೆ. ಇಸವಿ ಎರಡು ಸಾವಿರದ ಒಂದೋ ಅದರ ಮರುವರ್ಷವೋ, ಅದೂ ಸರಿಯಾಗಿ ನೆನಪಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಓದಿದ್ದು ಭೌತಶಾಸ್ತ್ರ, ಅಲ್ಲಿಂದ ಹೊತ್ತು ತಂದದ್ದು ಸಂಶಯ. ಅದನ್ನು ಊರವರ ಮೇಲೆಲ್ಲ ಪ್ರಯೋಗಿಸಿ ಮುಗಿಸಿ, ಈಗ ನನ್ನ ನೆನಪಿನ ಮೇಲೇ ತಿರುಗಿಸಿದ್ದೇನೆ.

ನನ್ನ ಗೆಳೆಯ ರಘು ಮರವಂತೆಯವನು. ಮನೆಯಲ್ಲಿ ಮೀನು ವ್ಯಾಪಾರ, ಅವನಿಗೆ ಮಾತ್ರ ಗಿಟಾರಿನ ಹುಚ್ಚು. ಕುಂದಾಪುರದ ಒಂದು ಆರ್ಕೆಸ್ಟ್ರಾದಲ್ಲಿ ಮದುವೆ, ಸ್ಕೂಲ್ ಡೇ ಎಂದು ನುಡಿಸುತ್ತಿದ್ದ. ಅಷ್ಟರಲ್ಲಿ ತಂಡಕ್ಕೆ ಹೊಸ ಕೀಬೋರ್ಡ್ ಬಂತು. ಯಜಮಾನರು ನನ್ನೆದುರೇ ಅಂದರು: "ಕಾಣ್ ರಘು, ಇದೊಂದಿದ್ರೆ ಎಲ್ಲಾ ಸೌಂಡೂ ಬತ್ತ್. ನಿನ್ ಗಿಟಾರಿಂದ ಹೊಸತ್ ಎಂತ ಬತ್ತ್ ಹೇಳ್? ಬೈಂದೂರ್ ಪ್ರೋಗ್ರಾಮಂಗೆ ತೋರ್ಸ್. ಇಲ್ದಿರೆ ಬೇಜಾರ್ ಮಾಡ್ಬೇಡ."

ಹೊಸತೆಂದರೆ ಸಿನಿಮಾ ಹಾಡುಗಳಲ್ಲಿ ಕೇಳುವ ಆ ಹರಿದ, ಗರಗರ ದನಿ. ಅದನ್ನು ಹುಟ್ಟಿಸುವ ಪೆಡಲನ್ನು ನಾವಿಬ್ಬರೇ ಸೇರಿ ಅಲ್ಯೂಮಿನಿಯಂ ತಿಂಡಿ ಡಬ್ಬಿಯೊಳಗೆ ಕಟ್ಟಿದೆವು. ಕಷ್ಟವಿದ್ದದ್ದು ಬೈಪಾಸ್ ಸ್ವಿಚ್ಚಿನಲ್ಲಿ. ಒಮ್ಮೆ ಒತ್ತಿದರೆ ಡಬ್ಬಿಯ ಮೇಲೊಂದು ಕೆಂಪು ದೀಪ ಹೊತ್ತಿ, ಗಿಟಾರಿನ ದನಿ ಡಬ್ಬಿಯನ್ನು ಹೊಕ್ಕು ಗಂಟಲು ಕೆಡಿಸಿಕೊಂಡು ಹೊರಬರಬೇಕು. ಮತ್ತೊಮ್ಮೆ ಒತ್ತಿದರೆ ಊರೊಳಗೆ ಬಾರದ ಎಕ್ಸ್‌ಪ್ರೆಸ್ ಬಸ್ಸಿನಂತೆ ನೇರ ಸ್ಪೀಕರಿಗೆ ಹೋಗಬೇಕು. ಎರಡು ಕೈಯೂ ಗಿಟಾರಿನ ಮೇಲಿರುವುದರಿಂದ ಒತ್ತುವ ಕೆಲಸ ಕಾಲಿನದು.

ರಘು ಹಿಂದೆ ಸರಿದ. "ವಾದ್ಯಕ್ಕೆ ಕಾಲ್ ತಾಗ್ಸುದಾ? ಆತಿಲ್ಲೆ ಮಾರಾಯ. ಅಬ್ಬಿ ಗಿಟಾರಿಗೆ ಆಯುಧಪೂಜಿಗೆ ಕುಂಕುಮ ಹಚ್ಚಿತ್."

"ನಿನ್ನಮ್ಮ ಬೈಕಿಗೂ ಹಚ್ಚಿತ್. ಕಿಕ್ ಹೊಡುದ್ ಮೂಗಂಗಾ?"

"ಬೈಕ್ ಹಾಡ್ ಹೇಳತ್ತಾ?"

ನಾನು ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ಅನ್ನು ಸಾಕ್ಷಿಗೆ ಕರೆದೆ. ತಿದಿಯನ್ನು ಕಾಲಿನಲ್ಲೇ ತುಳಿದು ದೇವರ ಪದ ಹಾಡುತ್ತಿದ್ದರಲ್ಲ? ಅದು ಅವರ ಪಾಪ ಎಂದ. ವಾದ್ಯ ಎಲ್ಲಿಗೆ ಮುಗಿಯುತ್ತದೆ, ವಾದ್ಯವಲ್ಲದ್ದು ಎಲ್ಲಿ ಶುರುವಾಗುತ್ತದೆ ಎಂಬುದು ದೊಡ್ಡವರು ಆಯುಷ್ಯವಿಡೀ ಚರ್ಚಿಸಬಹುದಾದ ವಿಷಯ. ನಮಗೆ ಬೈಂದೂರಿನ ಬಸ್ಸಿತ್ತು. ಕೊನೆಗೆ ರಾಜಿಯಾಯಿತು: ಸ್ವಿಚ್ಚು ವಾದ್ಯವಲ್ಲ. ಅದನ್ನು ಡಬ್ಬಿಯಿಂದ ಕಿತ್ತು, ಉದ್ದ ತಂತಿ ಎಳೆದು, ಒಂದು ಹಲಗೆಗೆ ಬಡಿದೆವು. ಹಲಗೆ ನೆಲಕ್ಕೆ, ಡಬ್ಬಿ ಮರ್ಯಾದೆಯಿಂದ ಸ್ಟೂಲಿನ ಮೇಲೆ. ಸ್ವಿಚ್ಚಿಗೆ ತಂತಿ ಬೆಸೆಯುವ ಕಾಲುಗಳೇ ಆರು, ನಮ್ಮ ಹತ್ತಿರ ಇದ್ದ ತಂತಿಯೆಲ್ಲ ಒಂದೇ ಬಣ್ಣ. ಬೆಸುಗೆ ಹಾಕಿದ್ದು ನಾನು, ತಂತಿ ಹಿಡಿದದ್ದು ಅವನು ಎಂದು ನನ್ನ ನೆನಪು, ಅವನದು ತಿರುಗಾಮುರುಗಾ. ಮನೆಯಲ್ಲೇ ಪರೀಕ್ಷಿಸಿದೆವು, ಡಬ್ಬಿ ಚೆನ್ನಾಗಿ ಗರ್ಜಿಸಿತು ಎನ್ನುತ್ತೇನೆ ನಾನು. ಆ ದಿನ ಕರೆಂಟೇ ಇರಲಿಲ್ಲ ಎನ್ನುತ್ತಾನೆ ಅವನು. ಉಪ್ಪುಗಾಳಿಗೆ ಕಿಲುಬು ಹಿಡಿಯಬಾರದೆಂದು ಬೆಸುಗೆಯ ಮೇಲೆ ಅರಗು ಕರಗಿಸಿ ಹೊಯ್ದದ್ದರಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ.

ಬೈಂದೂರಿನಲ್ಲಿ ಹಾಡಿನ ನಡುವೆ ರಘು ಹಲಗೆಯನ್ನು ತುಳಿದ. ಡಬ್ಬಿಯ ಮೇಲೆ ಕೆಂಪು ದೀಪ ಹೊತ್ತಿತು. ದನಿ ಗರಗರನೆ ಹರಿಯಿತು. ನಾನು ಮುಂದಿನ ಸಾಲಿನಲ್ಲಿ ಕುಳಿತು ಇದೇ ಕಿವಿಯಲ್ಲಿ ಕೇಳಿದ್ದೇನೆ, ಮೈ ಜುಂ ಎಂದದ್ದೂ ಹೌದು. ಹಾಡು ಮುಗಿದ ಮೇಲೆ ಯಜಮಾನರು ರಘುವಿನ ಬೆನ್ನು ತಟ್ಟಿ, "ಹ್ವಾಯ್, ಇದ್ ಸೌಂಡ್ ಅಂದ್ರೆ! ಕೀಬೋರ್ಡಂಗೆ ಬತ್ತಿಲ್ಲೆ ಇದ್. ಬ್ರಹ್ಮಾವರದ್ ಪ್ರೋಗ್ರಾಮಿಗೂ ನೀನೇ ಬಾ" ಎಂದರು. ಅವನ ಜಾಗ ಉಳಿಯಿತು.

ಹತ್ತು ವರ್ಷದ ಮೇಲೂ ಅವನು ಅದೇ ತಂಡದಲ್ಲಿದ್ದಾನೆ. ಕಾಲಲ್ಲಿ ಒತ್ತುವ ಬೆಲೆಬಾಳುವ ಪೆಡಲು ಬಂದಿದೆ. ಒತ್ತುವ ಮುಂಚೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನಂತೆ, ಜನ ಅದನ್ನು ಸ್ಟೈಲ್ ಎಂದುಕೊಂಡಿದ್ದಾರೆ. ಮೊನ್ನೆ ಆ ಡಬ್ಬಿ, ಹಲಗೆ ಹಿಡಿದು ಕೋಟದ ನನ್ನ ಮನೆಗೆ ಬಂದ. "ಅಂಗಡಿ ಪೆಡಲಂಗೆ ಆ ಬೈಂದೂರ್ ಸೌಂಡ್ ಬತ್ತಿಲ್ಲೆ ಮಾರಾಯ. ಇದ್ನೇ ಒಂಚೂರ್ ರಿಪೇರಿ ಮಾಡ್."

ಅವನು ಹೋದ ಮೇಲೆ ಹಲಗೆ ಮಗುಚಿದೆ. ಅರಗು ಹೊಯ್ದ ದಿನ ಹೇಗಿತ್ತೋ ಹಾಗೇ ಇತ್ತು, ಎಲ್ಲೂ ಒಡೆದಿರಲಿಲ್ಲ. ಕೆರೆದು ತೆಗೆದು, ಯಾವ ತಂತಿ ಎಲ್ಲಿಗೆ ಸೇರಿದೆ ಎಂದು ತೋರಿಸುವ ಮೀಟರ್ ಹಿಡಿದೆ. ನನ್ನ ಮೇಲೆ ನನಗೇ ನಂಬಿಕೆಯಿಲ್ಲದ್ದರಿಂದ ಬೇರೆ ಮೀಟರ್ ತಂದು ಮತ್ತೆ ಹಿಡಿದೆ. ದೀಪದ ತಂತಿಗಳು ಸರಿಯಾಗಿದ್ದವು. ದನಿಯ ಕಡೆ ಮಾತ್ರ, ಗಿಟಾರಿನಿಂದ ನೇರ ಬಂದ ತಂತಿಯನ್ನೇ ಸ್ವಿಚ್ಚಿನ ಎರಡೂ ದಾರಿಗೆ, ನೇರ ದಾರಿಗೂ ಡಬ್ಬಿಯ ದಾರಿಗೂ, ಬೆಸೆದಾಗಿತ್ತು. ಡಬ್ಬಿಯಿಂದ ಬಂದದ್ದು ಅರಗಿನೊಳಗೆ ಯಾವುದಕ್ಕೂ ಅಂಟದೆ ಸುಮ್ಮನೆ ಮಲಗಿತ್ತು.

ಕೆಂಪು ದೀಪ ಕಂಡ ಹುರುಪಿಗೆ ರಘುವೇ ಹಾಗೆ ಮೀಟಿದನೋ, ಬಾಡಿಗೆಯ ಸ್ಪೀಕರೇ ಹರಿದು ಗರಗರ ಎಂದಿತೋ, ನನ್ನ ಕಿವಿ ದೀಪ ನೋಡಿ ಕೇಳಿತೋ, ಗೊತ್ತಿಲ್ಲ. ಅವನಿಗೆ ಏನು ಹೇಳಲಿ ಎಂಬುದೂ ಗೊತ್ತಾಗಿಲ್ಲ. ಎರಡು ಮೀಟರುಗಳು ಒಪ್ಪಿದ್ದು ಇಷ್ಟು: ಆ ದಿನ ಬೈಂದೂರಿನಲ್ಲಿ ಸ್ವಿಚ್ಚು ಒತ್ತಿದಾಗಲೂ ಒತ್ತದಿದ್ದಾಗಲೂ ಸ್ಪೀಕರಿಗೆ ಹೋದದ್ದು ರಘುವಿನ ಬರೀ ಗಿಟಾರು.