ಕೆಂಡಕ್ಕ ಕೈಕಟ್ಟಿ ಕೂತ ದಿನ

ಆಸ್ಪತ್ರೆಯ ಹಿಂಭಾಗದ ಲ್ಯಾಬಿನಲ್ಲಿ ಆಕೆಯನ್ನು ಎಲ್ಲರೂ ಕೆಂಡಕ್ಕ ಎನ್ನುತ್ತಿದ್ದರು. ಬರ್ನರಿನ ಬೆಂಕಿಯಲ್ಲಿ ಸ್ಯಾಂಪಲ್ ಎತ್ತುವ ತಂತಿ ಕೆಂಪಗೆ ಕಾಯಿಸಿ ಕಾಯಿಸಿ ಆ ಹೆಸರು ಬಂತೆಂದು ಆಕೆಯ ವಾದ. ನಾಲಿಗೆಯಿಂದ ಬಂತೆಂದು ಉಳಿದವರದು. ಕ್ಷಯದ ಅನುಮಾನವಿರುವವರ ಕಫ ಪರೀಕ್ಷಿಸುವುದು ಅವಳ ಕೆಲಸ. ಮದುವೆಗೆ ಮುಂಚೆ ಸೇರಿದವಳು ಅಜ್ಜಿಯಾದರೂ ಅಲ್ಲೇ ಇದ್ದಳು, ರೋಗ ಮಾತ್ರ ಅಂಟಿಸಿಕೊಂಡಿರಲಿಲ್ಲ. ಅದೃಷ್ಟವಂತೆ ಎಂದು ಯಾರಾದರೂ ಅಂದರೆ ಉರಿದುಬೀಳುತ್ತಿದ್ದಳು: "ಅದೃಷ್ಟ ಅಲ್ಲ ಕಣಯ್ಯಾ, ಸೋಪು!"

ಲ್ಯಾಬಿನೊಳಗೆ ನೀರು ಕುಡಿಯುವಂತಿಲ್ಲ, ಪೆನ್ನು ಬಾಯಿಗಿಡುವಂತಿಲ್ಲ, ಗ್ಲೌಸ್ ಹಾಕಿದ ಕೈಯಲ್ಲಿ ಫೋನು ಮುಟ್ಟುವಂತಿಲ್ಲ. ಬಾಗಿಲನ್ನು ಮೊಣಕೈಯಿಂದ ತಳ್ಳುವ ಚಾಳಿ ಮನೆಗೂ ಹತ್ತಿತ್ತು. "ನಮ್ಮತ್ತೆಗೆ ಕೈ ಸ್ವಾಧೀನ ಇಲ್ಲವೇನೋ ಅಂತ ಮೊದಮೊದಲು ಅಂದ್ಕೊಂಡಿದ್ದೆ" ಎಂದು ಅಳಿಯ ನಗುತ್ತಿದ್ದ.

ಕಫದ ಡಬ್ಬಿ ತೆರೆಯುವುದು ಗಾಜಿನ ಮುಖದ ಉಕ್ಕಿನ ಪೆಟ್ಟಿಗೆಯೊಂದರೊಳಗೆ. ಅದು ಎದುರಿನ ಗಾಳಿಯನ್ನು ಒಳಕ್ಕೆಳೆದು ಸೋಸಿ ಬಿಡುತ್ತದೆ, ರೋಗಾಣು ಮೂಗಿನ ಕಡೆ ಬರುವುದಿಲ್ಲ. ದಿನಾ ಬೆಳಗ್ಗೆ ಕೆಲಸಕ್ಕೆ ಮುಂಚೆ ಕೆಂಡಕ್ಕ ಪೆಟ್ಟಿಗೆಯ ಬಾಯಿಗೆ ತೆಳು ಕಾಗದದ ಚೂರೊಂದನ್ನು ಹಿಡಿಯುತ್ತಿದ್ದಳು. ಚೂರು ಒಳಕ್ಕೆ ಬಾಗಿದರಷ್ಟೇ ಡಬ್ಬಿ ಬಿಚ್ಚುವುದು.

ಆ ಸೋಮವಾರ ಚೂರು ಅವಳ ಮುಖದತ್ತಲೇ ಹಾರಿತು.

ಗ್ಲೌಸ್ ಕಿತ್ತು ಬುಟ್ಟಿಗೆ ಹಾಕಿ, ಕೈ ತೊಳೆದು, ಕುರ್ಚಿ ಎಳೆದು ಕೂತುಬಿಟ್ಟಳು. ಲ್ಯಾಬಿನ ಮುಖ್ಯಸ್ಥೆ ಡಾಕ್ಟರಮ್ಮ ಓಡಿ ಬಂದರು.

"ಏನಮ್ಮಾ ಇದು ಧರಣಿ? ವಾರ್ಡಲ್ಲಿ ಜನ ರಿಪೋರ್ಟಿಗೆ ಕಾಯ್ತಿದಾರೆ."

"ಕಾಯ್ಲಿ ಮೇಡಂ. ಪೆಟ್ಟಿಗೆ ಗಾಳಿ ಮುಖಕ್ಕೇ ಹೊಡೀತಿದೆ. ಮಗಳ ಕೂಸಿಗೆ ಇನ್ನೂ ತಿಂಗಳು ತುಂಬಿಲ್ಲ. ಇದನ್ನ ಎದೆಗೆ ತುಂಬ್ಕೊಂಡು ಹೋಗಿ ಅದಕ್ಕೆ ಹಂಚ್ಲಾ?"

"ಮಾಸ್ಕ್ ಇದೆಯಲ್ಲ?"

"ಕೊಡೆ ಇದೆ ಅಂತ ಮನೆ ಹೆಂಚು ಕಿತ್ತು ಕೂರ್ತೀರಾ?"

ಪಕ್ಕದ ಮೇಜಿನ ಮೀಸೆಯವನೂ ಗ್ಲೌಸ್ ಕಳಚಿದ. ಧೈರ್ಯವೋ ಸೋಮಾರಿತನವೋ ಅವನಿಗೇ ಗೊತ್ತು. ಚಳವಳಿಗೆ ಎರಡೂ ಉಪಯೋಗಕ್ಕೆ ಬರುತ್ತವೆ. ಡಾಕ್ಟರಮ್ಮ ಕಾಗದವನ್ನು ತಾವೇ ಹಿಡಿದು ನೋಡಿದರು. ಅದು ಅವರ ಮುಖಕ್ಕೂ ಹಾರಿತು. ರಿಪೇರಿಯವನಿಗೆ ಫೋನು ಮಾಡಿದರು. ವಾರ್ಡಿನವರ ಬೈಗುಳವನ್ನೂ ತಾವೇ ತಿಂದರು.

ಇತ್ತ ಕೆಂಡಕ್ಕನ ಭಾಷಣ ಶುರುವಾಯಿತು. "ವರ್ಷಕ್ಕೊಂದ್ಸಲ ತಪಾಸಣೆ ಮಾಡ್ಸಿ ಅಂತ ಬಡ್ಕೊಂಡೆ. ಕೇಳಿದ್ರಾ? ಈಗ ಮೋಟಾರು ಸತ್ತಿದೆ. ಹೊಸ ಪೆಟ್ಟಿಗೆ ಬರೋತನಕ ನಾನು ಏಳಲ್ಲ!"

ರಿಪೇರಿಯವನು ಬಂದು ಪೆಟ್ಟಿಗೆಗೆ ಕಿವಿಗೊಟ್ಟ. "ಮೋಟಾರಿಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದೆ." ಒಳಕ್ಕೆ ಟಾರ್ಚು ಬಿಟ್ಟ. "ಹಿಂದಿನ ಜಾಲರಿಗೆ ಗ್ಲೌಸ್ ಡಬ್ಬಗಳನ್ನ ಗೋಡೆ ಥರ ಪೇರಿಸಿದೋರು ಯಾರು? ಗಾಳಿಗೆ ಹೋಗೋಕೆ ದಾರಿ ಇಲ್ಲ, ಅದಕ್ಕೇ ಮುಂದೆ ಉಕ್ತಿದೆ."

ಎಲ್ಲರೂ ಕೆಂಡಕ್ಕನ ಕಡೆ ತಿರುಗಿದರು. ಶನಿವಾರ ಕೆಲಸ ಮುಗಿದ ಮೇಲೆ ಹೊಸ ಡಬ್ಬಗಳು ಬಂದಿದ್ದವು. ಕಪಾಟು ತುಂಬಿತ್ತು. ಗ್ಲೌಸ್ ಕೈಗೆಟಕುವಂತಿರಲಿ ಎಂದು ಪೆಟ್ಟಿಗೆಯೊಳಗೇ ಒಪ್ಪವಾಗಿ ಜೋಡಿಸಿ ಹೋದವಳು ಕೆಂಡಕ್ಕ.

"ನಾನೇ ಕಣಪ್ಪಾ," ಎಂದಳು. "ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ."

"ಹಾಗಾದ್ರೆ ಅಕ್ಕಾ, ಧಿಕ್ಕಾರ ಯಾರಿಗೆ ಕೂಗೋಣ?" ಮೀಸೆಯವನು ಕೇಳಿದ.

"ನಂಗೇ ಕೂಗೋ. ಗಂಟಲು ಹರಿಯೋ ಹಾಗೆ ಕೂಗು, ಆಮೇಲೆ ಬಂದು ಡಬ್ಬ ಹೊರು."

ಡಾಕ್ಟರಮ್ಮ ನಗು ತಡೆಯಲಾಗದೆ ಗೋಡೆಗೆ ಒರಗಿದರು. ಡಬ್ಬಗಳು ಆಚೆ ಬಂದವು. ಪೆಟ್ಟಿಗೆ ಒರೆಸಿ, ಸ್ವಲ್ಪ ಹೊತ್ತು ಓಡಲು ಬಿಟ್ಟು ಕಾಗದ ಹಿಡಿದರೆ ನೆಟ್ಟಗೆ ಒಳಕ್ಕೆ ಬಾಗಿತು. ರಿಪೇರಿಯವನು ಚೀಲ ಹೆಗಲಿಗೇರಿಸುತ್ತಿದ್ದಂತೆ ಕೆಂಡಕ್ಕ ಅಡ್ಡ ನಿಂತಳು.

"ಎಲ್ಲಿಗೆ? ವರ್ಷದ ತಪಾಸಣೆ ಮುಗಿಸಿ ಹೋಗು. ತಪ್ಪು ನಂದಾದ್ರೆ ಬೇಡಿಕೆ ಸುಳ್ಳಾಗುತ್ತಾ ಮೇಡಂ?"

"ಮಾಡಪ್ಪಾ ಮಾಡು," ಎಂದರು ಡಾಕ್ಟರಮ್ಮ. "ಇಲ್ದಿದ್ರೆ ಮತ್ತೆ ಕೂತಾಳು."

ಎಲ್ಲ ಸ್ಯಾಂಪಲ್ ಮುಗಿಸಿ ಮನೆ ಸೇರುವಾಗ ಹೊತ್ತು ಮುಳುಗಿತ್ತು.

"ಯಾಕಮ್ಮಾ ಇಷ್ಟು ಲೇಟು?" ಮಗಳು ಕೇಳಿದಳು.

"ನನ್ನ ವಿರುದ್ಧ ನಾನೇ ಧರಣಿ ಕೂತಿದ್ದೆ ಕಣೇ. ಗೆದ್ದೆ ಕೂಡ."

ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ನಿಶ್ಚಿಂತೆಯಿಂದ ಕೈ ಚಾಚಿದಳು. ಕೂಸು ಅಜ್ಜಿಯ ಎದೆಗೊರಗಿ ಆಕಳಿಸಿತು, ಮರುಕ್ಷಣವೇ ಮಡಿಲು ತುಂಬ ಬೆಚ್ಚಗೆ ಉಚ್ಚೆ ಹೊಯ್ದಿತು.